ನಂದಿ ಬೆಟ್ಟಕ್ಕೆ ಬೈಕಲ್ಲಿ ಗುಂಪಾಗಿ ಹೋಗೋರಿಗೆ

ಚಿಕ್ಕಬಳ್ಳಾಪುರದಿಂದ ಭಾನುವಾರ ಬೆಳಗ್ಗೆ ನಂದಿಗೆ ಹೊರಡೋರು ಗಾಡಿ ನಿಲ್ಲಿಸಿದಾಗ ಕಳುವಾಗದಿರಲು ಹ್ಯಾಂಡಲ್ ಲಾಕ್ ಒಂದನ್ನೇ ನಂಬಬೇಡಿ. ಜೋರಾಗಿ ಒದ್ದರೆ ಅದು ಮುರಿಯುತ್ತದೆ. ಮುಂದಿನ ಚಕ್ರಕ್ಕೆ ಡಿಸ್ಕ್ ಲಾಕ್ (ಬ್ರೇಕ್ ಡಿಸ್ಕ್‌ಗೆ ಹಾಕುವ ಬೀಗ) ಹಾಕಿ. ಲಾಕ್ ಇರೋದು ನೆನಪಾಗಲು ಅದರಿಂದ ಹ್ಯಾಂಡಲ್‌ವರೆಗೆ ಬಣ್ಣದ ಕೇಬಲ್ ಕಟ್ಟಿ. ಲಾಕ್ ಮರೆತು ಗಾಡಿ ಎಳೆದರೆ ಬೀಳೋದು ಗ್ಯಾರಂಟಿ, ಅಲ್ವಾ?

ಗುಂಪಿದ್ದರೆ ಇನ್ನೂ ಸುಲಭ. ಎರಡು ಬೈಕ್ ಪಕ್ಕಪಕ್ಕ ನಿಲ್ಲಿಸಿ, ಒಂದೇ ದಪ್ಪ ಸರಪಳಿಯನ್ನು ಎರಡರ ಫ್ರೇಮ್‌ಗೂ ಸೇರಿಸಿ ಬೀಗ ಹಾಕಿ. ಬರೀ ಚಕ್ರಕ್ಕೆ ಹಾಕಿದರೆ ಚಕ್ರ ಬಿಚ್ಚಿಟ್ಟು ಗಾಡಿ ಒಯ್ಯುತ್ತಾರೆ. ಸರಪಳಿ ನೆಲಕ್ಕೆ ತಾಗದಿರಲಿ, ನೆಲದ ಮೇಲಿದ್ದರೆ ಸುತ್ತಿಗೆ ಏಟಿಗೆ ಸಿಗುತ್ತದೆ. ಗಾಡಿ ಜೊತೆ ಕೊಟ್ಟ ಎರಡೂ ಕೀ ಜೋಪಾನ. ಕಳುವಾದರೆ ವಿಮೆಯವರು ಎರಡನ್ನೂ ಕೇಳುತ್ತಾರೆ.

ತಿರುವುಗಳಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಿ. ಹೊಸಬರನ್ನು ಎರಡನೆಯ ಜಾಗದಲ್ಲಿ ಬಿಡಿ, ಗುಂಪಿನ ವೇಗ ಅವರ ಲೆಕ್ಕಕ್ಕೆ ಇರಲಿ. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಇಳಿಯೋದು ಬೇಡವೇ ಬೇಡ.