ವಿದ್ಯಾರ್ಥಿಗಳ ಬಳಲಿಕೆ, ವಾಸಸ್ಥಳದ ತೃಪ್ತಿ: ಅಂಕಿ-ಅಂಶಗಳಲ್ಲಿ ಅಳೆಯುವುದು ಹೇಗೆ?

ಓದಿನ ಒತ್ತಡದಿಂದ ಬಸವಳಿದ ವಿದ್ಯಾರ್ಥಿಗಳು ಎಷ್ಟು ಮಂದಿ, ಅವರು ಉಳಿದುಕೊಂಡಿರುವ ಕೋಣೆಗೂ ಆ ಬಳಲಿಕೆಗೂ ನಂಟಿದೆಯೇ ಎಂಬುದು ಸಣ್ಣ ತಂಡವೊಂದು ಕೈಗೆತ್ತಿಕೊಳ್ಳಬಹುದಾದ ಒಳ್ಳೆಯ ಅಧ್ಯಯನ. ಇದಕ್ಕೆ ಇಳಿಯುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಬಳಸಬೇಕು ಎಂದು. ಆದರೆ ಏನನ್ನು ಕೇಳಿದೆವು, ಯಾರು ಉತ್ತರಿಸಲಿಲ್ಲ ಎಂಬ ಎರಡು ಸಂಗತಿಗಳಲ್ಲೇ ಅಧ್ಯಯನದ ಹಣೆಬರಹ ಬಹುಪಾಲು ನಿರ್ಧಾರವಾಗಿರುತ್ತದೆ. ಆದ್ದರಿಂದ ಇಲ್ಲಿ ಆ ಭಾಗಕ್ಕೇ ಹೆಚ್ಚು ಜಾಗ ಕೊಡಲಾಗಿದೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯುವುದು

‘ವಿದ್ಯಾರ್ಥಿಗಳ ಕ್ಷೇಮ’ ಎಂಬುದು ವಿಷಯವಾದೀತೇ ಹೊರತು ಸಂಶೋಧನೆಯ ಪ್ರಶ್ನೆಯಾಗದು. ‘ವಾಸಸ್ಥಳದ ಬಗ್ಗೆ ಹೆಚ್ಚು ತೃಪ್ತಿಯಿರುವ ವಿದ್ಯಾರ್ಥಿಗಳಲ್ಲಿ ಬಳಲಿಕೆಯ ಅಂಕ ಕಡಿಮೆ ಇದೆಯೇ?’ ಎಂಬುದು ಪ್ರಶ್ನೆ. ಈ ವಾಕ್ಯವನ್ನೂ ಮಾಡಲಿರುವ ಹೋಲಿಕೆಗಳನ್ನೂ ದತ್ತಾಂಶ ಕೈಗೆ ಬರುವ ಮೊದಲೇ ದಿನಾಂಕ ಹಾಕಿ ಬರೆದಿಡಿ. ಶೇ 5ರ ಮಟ್ಟವನ್ನು (ಸಂಬಂಧ ಇಲ್ಲದಿದ್ದರೂ ಇದೆಯೆಂದು ತಪ್ಪಾಗಿ ಹೇಳುವ ಸಾಧ್ಯತೆ ನೂರಕ್ಕೆ ಐದು) ಇಟ್ಟುಕೊಂಡು, ಒಂದಕ್ಕೊಂದು ಸಂಬಂಧವೇ ಇಲ್ಲದ 20 ಜೋಡಿಗಳನ್ನು ಪರೀಕ್ಷಿಸಿದರೂ ಸರಾಸರಿ ಒಂದು ಜೋಡಿ ಬರೀ ಆಕಸ್ಮಿಕವಾಗಿ ‘ಗಣನೀಯ’ ಎಂದು ಕಾಣಿಸಿಕೊಳ್ಳುತ್ತದೆ. ಮೊದಲೇ ಬರೆದಿಟ್ಟಿದ್ದರೆ, ಆ ಒಂದನ್ನೇ ಹೆಕ್ಕಿ ವರದಿ ಮಾಡುವ ಆಸೆಗೆ ಕಡಿವಾಣ ಬೀಳುತ್ತದೆ.

ಎರಡನೆಯ ಹೆಜ್ಜೆ: ಅಳತೆಗೋಲನ್ನು ಆರಿಸುವುದು

ಇಲ್ಲಿ ಬಳಲಿಕೆ ಎಂದಿರುವುದು ಇಂಗ್ಲಿಷಿನ ‘ಬರ್ನ್‌ಔಟ್’. ಈ ಪರಿಕಲ್ಪನೆಯನ್ನು ಮನೋವೈದ್ಯಕೀಯ ಚರ್ಚೆಗೆ ತಂದವರು 1974ರಲ್ಲಿ ಅದರ ಬಗ್ಗೆ ಬರೆದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಅದನ್ನು ಅಳೆಯುವ ಪ್ರಶ್ನಾವಳಿಯನ್ನು 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಪ್ರಕಟಿಸಿದರು. 2002ರಲ್ಲಿ ಬಂದ ಅದರ ವಿದ್ಯಾರ್ಥಿ ಆವೃತ್ತಿಯಲ್ಲಿ ತೀವ್ರ ದಣಿವು, ಓದಿನ ಬಗ್ಗೆ ನಿರಾಸಕ್ತಿ, ತನ್ನ ಸಾಮರ್ಥ್ಯದ ಬಗೆಗಿನ ಭಾವನೆ ಎಂಬ ಮೂರು ಮುಖಗಳಿಗೆ ಸೇರಿದ 15 ಹೇಳಿಕೆಗಳಿವೆ. ಮೂರನ್ನೂ ಕೂಡಿಸಿ ಒಂದೇ ಅಂಕ ಮಾಡಬಾರದು. ತುಂಬ ದಣಿದಿದ್ದರೂ ಓದಿನಲ್ಲಿ ಆಸಕ್ತಿ ಉಳಿಸಿಕೊಂಡಿರುವ ವಿದ್ಯಾರ್ಥಿಯೂ, ದಣಿವಿಲ್ಲದೆಯೇ ಓದಿನಿಂದ ದೂರ ಸರಿದ ವಿದ್ಯಾರ್ಥಿಯೂ ಆಗ ಒಂದೇ ಅಂಕ ಪಡೆದುಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕಾರಗೊಂಡ ತನ್ನ ರೋಗ ವರ್ಗೀಕರಣದಲ್ಲಿ ಬರ್ನ್‌ಔಟನ್ನು ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿದೆಯೇ ಹೊರತು ಕಾಯಿಲೆ ಎಂದಲ್ಲ. ಹಾಗಾಗಿ ನಿಮ್ಮ ವರದಿಯಲ್ಲಿ ಯಾವ ವಿದ್ಯಾರ್ಥಿಗೂ ರೋಗಿಯೆಂಬ ಪಟ್ಟ ಕಟ್ಟಬೇಡಿ.

ಒಟ್ಟು ಬದುಕಿನ ತೃಪ್ತಿಗೆ ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಐದು ಹೇಳಿಕೆಗಳ ಮಾಪನ ಸಾಕು. ಪ್ರತಿ ಹೇಳಿಕೆಗೆ 1ರಿಂದ 7ರವರೆಗೆ ಅಂಕವಿದ್ದು, ಮೊತ್ತ 5ರಿಂದ 35ರ ನಡುವೆ ಬರುತ್ತದೆ.

ವಾಸಸ್ಥಳದ ಪ್ರಶ್ನೆಗಳನ್ನು ಬಹುಶಃ ನೀವೇ ರಚಿಸಬೇಕಾಗುತ್ತದೆ. ತಪ್ಪುಗಳು ಹೆಚ್ಚಾಗಿ ನುಸುಳುವುದೂ ಇಲ್ಲಿಯೇ. ‘ನಿಮ್ಮ ಕೋಣೆ ವಿಶಾಲವಾಗಿಯೂ ನಿಶ್ಶಬ್ದವಾಗಿಯೂ ಇದೆಯೇ?’ ಎಂಬ ಪ್ರಶ್ನೆಯನ್ನು ನೋಡಿ. ಕೋಣೆ ದೊಡ್ಡದು, ಆದರೆ ರಾತ್ರಿಯಿಡೀ ಗದ್ದಲ ಎನ್ನುವವರು ಹೌದೆನ್ನಬೇಕೋ ಅಲ್ಲವೆನ್ನಬೇಕೋ? ಜಾಗ, ಸದ್ದು, ಗಾಳಿ-ಬೆಳಕು, ಏಕಾಂತ, ಬಾಡಿಗೆಯ ಹೊರೆ, ತರಗತಿಗೆ ಇರುವ ದೂರ ಇವುಗಳನ್ನು ಬಿಡಿಬಿಡಿಯಾಗಿ ಕೇಳಿ. ‘ಕಿಕ್ಕಿರಿದ ಕೋಣೆಯಿಂದ ನಿಮಗೆ ಎಷ್ಟು ತೊಂದರೆಯಾಗಿದೆ?’ ಎಂದು ಉತ್ತರವನ್ನು ಪ್ರಶ್ನೆಯೊಳಗೇ ತುರುಕಬೇಡಿ.

ಪ್ರಶ್ನೆಗಳ ಅನುಕ್ರಮವೂ ಉತ್ತರವನ್ನು ಬದಲಿಸಬಲ್ಲದು. ಫ್ರಿಟ್ಜ್ ಸ್ಟ್ರಾಕ್ ಮತ್ತು ಸಹೋದ್ಯೋಗಿಗಳು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬದುಕಿನ ಸಂತೋಷದ ಪ್ರಶ್ನೆ ಮೊದಲು ಬಂದಾಗ ಅದಕ್ಕೂ ಪ್ರಣಯ ಭೇಟಿಗಳ ಪ್ರಶ್ನೆಗೂ ಗಣನೀಯ ಸಂಬಂಧ ಕಾಣಲಿಲ್ಲ. ಕ್ರಮವನ್ನು ತಿರುಗಿಸಿದಾಗ ಬಲವಾದ ಸಂಬಂಧ ಮೂಡಿತು. ಆದ್ದರಿಂದ ಒಟ್ಟು ತೃಪ್ತಿಯ ಪ್ರಶ್ನೆ ಮೊದಲಿರಲಿ, ಕೋಣೆಯ ಕುಂದುಕೊರತೆ ಆಮೇಲೆ ಬರಲಿ. ಪ್ರಶ್ನಾವಳಿಯನ್ನು ಹಂಚುವ ಮುನ್ನ ನಾಲ್ಕೈದು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಪ್ರತಿ ಪ್ರಶ್ನೆ ತಮಗೆ ಹೇಗೆ ಅರ್ಥವಾಯಿತೆಂದು ಅವರ ಬಾಯಿಂದಲೇ ಕೇಳಿಸಿಕೊಳ್ಳಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯುಕ್ತವಾದ ತಪಾಸಣೆ ಬೇರೊಂದಿಲ್ಲ.

ಮೂರನೆಯ ಹೆಜ್ಜೆ: ಯಾರನ್ನು ಕೇಳುವುದು

ವಾಟ್ಸ್‌ಆ್ಯಪ್ ಗುಂಪಿಗೆ ಫಾರ್ಮ್ ಹಾಕಿ ಬಂದಷ್ಟು ಉತ್ತರಗಳನ್ನು ಎಣಿಸುವುದು ಸುಲಭ. ಆದರೆ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಮಾದರಿ ಸರಿಯಾಗುವುದಿಲ್ಲ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಪತ್ರ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆಂದು ಹೇಳಿತು. ಗೆದ್ದವರು ರೂಸ್ವೆಲ್ಟ್, ಅದೂ ಭಾರಿ ಅಂತರದಿಂದ. ಬಳಲಿಕೆಯ ಅಧ್ಯಯನದಲ್ಲಿ ಈ ಅಪಾಯ ಇನ್ನೂ ಹೆಚ್ಚು. ನಿಜಕ್ಕೂ ಸೋತು ಸುಣ್ಣವಾದ ವಿದ್ಯಾರ್ಥಿಗೆ ಫಾರ್ಮ್ ತುಂಬುವ ತ್ರಾಣವೂ ಇರಲಿಕ್ಕಿಲ್ಲ, ತರಗತಿಗೆ ಬರುವುದನ್ನೇ ಬಿಟ್ಟಿರಲೂಬಹುದು. ಆಗ ಅಳೆಯಬೇಕಾದವರೇ ಅಳತೆಯಿಂದ ಹೊರಗುಳಿಯುತ್ತಾರೆ.

ದಾಖಲಾತಿ ಪಟ್ಟಿಯಿಂದ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹೆಸರುಗಳನ್ನು ಆರಿಸಿ. ಬಳಲಿದವರ ಅನುಪಾತವನ್ನು ಶೇ 95ರ ವಿಶ್ವಾಸದಲ್ಲಿ (ಇಂಥ 100 ಸಮೀಕ್ಷೆಗಳಲ್ಲಿ ಸುಮಾರು 95 ಸರಿಯಾಗುವಂತೆ), 5 ಶೇಕಡಾಂಶದ ಅಂತರದೊಳಗೆ ಅಂದಾಜಿಸಲು ದೊಡ್ಡ ಸಮೂಹಕ್ಕೆ ಸುಮಾರು 385 ಮಂದಿ ಬೇಕು. ಒಟ್ಟು ವಿದ್ಯಾರ್ಥಿಗಳೇ 800 ಇದ್ದರೆ 385ನ್ನು 1.48ರಿಂದ ಭಾಗಿಸಬೇಕು (384ನ್ನು 800ರಿಂದ ಭಾಗಿಸಿ 1 ಕೂಡಿಸಿದರೆ ಬರುವುದು ಇದೇ 1.48), ಆಗ ಸುಮಾರು 260 ಮಂದಿ ಸಾಕಾಗುತ್ತಾರೆ. ಉತ್ತರಿಸದವರನ್ನು ಮತ್ತೆ ಸಂಪರ್ಕಿಸಿ, ಆದರೆ ಒತ್ತಾಯಿಸಬೇಡಿ.

ನಾಲ್ಕನೆಯ ಹೆಜ್ಜೆ: ಲೆಕ್ಕ

ಮೊದಲು ಚಿತ್ರ, ಆಮೇಲೆ ಸೂತ್ರ. ತೃಪ್ತಿಯನ್ನು ಅಡ್ಡಗೆರೆಯಲ್ಲೂ ದಣಿವನ್ನು ಲಂಬಗೆರೆಯಲ್ಲೂ ಇಟ್ಟು ಚುಕ್ಕೆಗಳನ್ನು ಗುರುತಿಸಿದರೆ, ತಪ್ಪಾಗಿ ದಾಖಲಾದ ಅಂಕಗಳು ಎದ್ದು ಕಾಣುತ್ತವೆ. ನಂತರ ಪ್ರತಿ ಮುಖದ ಹೇಳಿಕೆಗಳು ಪರಸ್ಪರ ಹೊಂದುತ್ತವೆಯೇ ಎಂಬುದನ್ನು ಕ್ರೋನ್‌ಬ್ಯಾಕ್ ಆಲ್ಫಾ ಎಂಬ ಅಳತೆಯಿಂದ ನೋಡಿ, 0.7ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ತೃಪ್ತಿ ಮತ್ತು ದಣಿವಿನ ಸಹಸಂಬಂಧ (ಎರಡೂ ಅಂಕಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬುದರ –1ರಿಂದ 1ರವರೆಗಿನ ಅಳತೆ) –0.3 ಬಂದಿತೆಂದುಕೊಳ್ಳಿ. ಅದರ ವರ್ಗ 0.09, ಅಂದರೆ ದಣಿವಿನ ಅಂಕಗಳಲ್ಲಿನ ಏರಿಳಿತದ ಶೇ 9 ಭಾಗ ಮಾತ್ರ ತೃಪ್ತಿಯೊಂದಿಗೆ ಹೊಂದಿಕೊಂಡಿದೆ. ಅಷ್ಟರಲ್ಲೂ ಮನೆಯ ಆದಾಯದ ಪಾಲಿರಬಹುದು, ಏಕೆಂದರೆ ಹಣದ ಅಡಚಣೆ ಇರುವವರಿಗೆ ಒಳ್ಳೆಯ ಕೋಣೆಯೂ ಸಿಗುವುದಿಲ್ಲ, ದುಡಿಯುತ್ತ ಓದಬೇಕಾಗಿ ದಣಿವೂ ಹೆಚ್ಚುತ್ತದೆ. ಆದ್ದರಿಂದ ಆದಾಯ ಮತ್ತು ದುಡಿಮೆಯ ಗಂಟೆಗಳನ್ನು ಕೇಳಿಟ್ಟುಕೊಂಡು, ಇಂಥ ಅಂಶಗಳ ಪಾಲನ್ನು ಬೇರ್ಪಡಿಸಿ ನೋಡುವ ಹಿಂಚಲನ ವಿಶ್ಲೇಷಣೆಯಲ್ಲಿ ಸೇರಿಸಿ.

ರಾಜ್ಯ ಅಥವಾ ದೇಶದ ಆರ್ಥಿಕ ಅಭಿವೃದ್ಧಿಯನ್ನೂ ಅಧ್ಯಯನಕ್ಕೆ ತರುವವರು ವ್ಯಕ್ತಿಯ ಮಟ್ಟವನ್ನೂ ರಾಜ್ಯ-ದೇಶಗಳ ಮಟ್ಟವನ್ನೂ ಬೆರೆಸದಂತೆ ಜಾಗ್ರತೆ ವಹಿಸಬೇಕು. ವಿಲಿಯಂ ರಾಬಿನ್ಸನ್ 1950ರಲ್ಲಿ ಅಮೆರಿಕದ ಜನಗಣತಿಯನ್ನು ಬಳಸಿ ತೋರಿಸಿದಂತೆ, ವಲಸಿಗರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆಯಿತ್ತು, ಆದರೆ ವ್ಯಕ್ತಿಗಳ ಮಟ್ಟದಲ್ಲಿ ವಲಸಿಗರಲ್ಲೇ ಅನಕ್ಷರತೆ ಹೆಚ್ಚಿತ್ತು. ಆದಾಯ ಮತ್ತು ಸಂತೋಷದ ವಿಷಯದಲ್ಲಿ ರಿಚರ್ಡ್ ಈಸ್ಟರ್ಲಿನ್ 1974ರಲ್ಲಿ ಎತ್ತಿದ ಒಗಟೂ ಇಂಥದ್ದೇ: ಒಂದೇ ದೇಶದೊಳಗೆ ಸಿರಿವಂತರು ಹೆಚ್ಚು ಸಂತುಷ್ಟರಾಗಿ ಕಂಡರೂ, ದೇಶದ ಆದಾಯ ವರ್ಷಗಳುದ್ದಕ್ಕೂ ಏರಿದಾಗ ಸರಾಸರಿ ಸಂತೋಷ ಅದೇ ರೀತಿ ಏರಲಿಲ್ಲ. ಇದರ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ವಾದ ಇನ್ನೂ ಮುಗಿದಿಲ್ಲ. ರಾಷ್ಟ್ರಗಳ ಸರಾಸರಿಯಿಂದ ಒಬ್ಬ ವಿದ್ಯಾರ್ಥಿಯ ಬಗ್ಗೆ ತೀರ್ಮಾನಕ್ಕೆ ಬರಲಾಗದು.

ಕೊನೆಯ ಹೆಜ್ಜೆ: ವರದಿ

ಎಷ್ಟು ಮಂದಿಯನ್ನು ಕೇಳಿದಿರಿ, ಎಷ್ಟು ಮಂದಿ ಉತ್ತರಿಸಿದರು ಎಂಬುದು ಮೊದಲ ಪುಟದಲ್ಲೇ ಇರಲಿ. ಪ್ರತಿ ಅಂದಾಜಿನ ಜೊತೆ ವಿಶ್ವಾಸದ ಅಂತರವನ್ನೂ (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ) ಕೊಡಿ. ಒಂದೇ ಬಾರಿಯ ಸಮೀಕ್ಷೆಯಿಂದ ‘ಸಂಬಂಧ ಕಂಡುಬಂದಿದೆ’ ಎನ್ನಬಹುದು. ‘ಕೋಣೆ ಸರಿಯಿಲ್ಲದ್ದರಿಂದ ಬಳಲಿಕೆ ಬಂದಿದೆ’ ಎನ್ನಲಾಗದು, ಏಕೆಂದರೆ ದಣಿದ ಮನಸ್ಸಿಗೆ ಇರುವ ಕೋಣೆಯೂ ಸಹಿಸದಂತಾಗಿರಬಹುದು. ಯಾವುದು ಮೊದಲು ಎಂದು ತಿಳಿಯುವ ಆಸೆಯಿದ್ದರೆ, ಮುಂದಿನ ಸೆಮಿಸ್ಟರಿನಲ್ಲಿ ಅದೇ ವಿದ್ಯಾರ್ಥಿಗಳನ್ನು ಮತ್ತೆ ಕೇಳಬೇಕಾಗುತ್ತದೆ. ಅದಕ್ಕಾಗಿ ಹೆಸರಿನ ಬದಲು ಸಂಕೇತ ಸಂಖ್ಯೆ ಕೊಟ್ಟು, ಹೆಸರು-ಸಂಕೇತಗಳ ಪಟ್ಟಿಯನ್ನು ಉತ್ತರಗಳಿಂದ ಬೇರೆ ಕಡತದಲ್ಲಿ ಬೀಗ ಹಾಕಿಡಿ. ಎರಡನೆಯ ಸುತ್ತಿನ ಜೋಡಣೆ ಮುಗಿದ ದಿನವೇ ಆ ಪಟ್ಟಿಯನ್ನು ಅಳಿಸಿಹಾಕಿ.