ಬಜೆ: ಮಗುವಿನ ನಾಲಿಗೆಯಿಂದ ಬೀಜದ ಡಬ್ಬಕ್ಕೆ

ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಅಟ್ಟದಿಂದ ಮೊದಲು ಇಳಿಯುವುದು ತೇಯುವ ಕಲ್ಲು. ಅಂಗೈಯಷ್ಟು ಅಗಲ. ತೇಯ್ದು ತೇಯ್ದು ನಡುವೆ ಬಟ್ಟಲಿನ ಹಾಗೆ ಗುಳಿ ಬಿದ್ದಿದೆ. ನಮ್ಮಮ್ಮ, ಆಮೇಲೆ ನಾನು, ನನ್ನ ತಂಗಿ, ಎಲ್ಲರೂ ಆ ಕಲ್ಲಿನ ಮದ್ದು ನೆಕ್ಕಿಯೇ ಬೆಳೆದವರು. ಎರೆದು ಮಲಗಿಸುವ ಮುಂಚೆ ಅಜ್ಜಿ ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ, ಬಜೆ ಒಂದೊಂದನ್ನೇ ತಾಯಿಹಾಲಿನಲ್ಲಿ ತೇಯುತ್ತಿದ್ದರು. ಅಳತೆ ಚಮಚದ್ದಲ್ಲ, ಸುತ್ತಿನದು. ಜಾಯಿಕಾಯಿ ಒಂದು ಸುತ್ತು, ಅಳಲೆ ಎರಡು ಸುತ್ತು, ಬಜೆ ಮಾತ್ರ ಅರ್ಧ ಸುತ್ತು. ಮಾತು ಸ್ಪಷ್ಟವಾಗಿ ಬರಲಿ, ಹೊಟ್ಟೆ ಉಬ್ಬರ ಇಳಿಯಲಿ ಅಂತ. ಸಂಸ್ಕೃತದಲ್ಲಿ ಬಜೆಗೆ ‘ವಚಾ’ ಅನ್ನುತ್ತಾರೆ, ಮಾತಿನ ಗಿಡ ಅನ್ನುವ ನಂಬಿಕೆ ಹೆಸರಿನಲ್ಲೇ ಇದೆ. ತಮಿಳಿನವರಿಗೆ ಇದು ವಸಂಬು. ಅದಕ್ಕೆ ‘ಹೆಸರು ಹೇಳದ ಮದ್ದು’ ಅನ್ನುವ ಅರ್ಥದ ಇನ್ನೊಂದು ಹೆಸರೂ ಅಲ್ಲಿದೆ.

ನನ್ನ ಮಗಳಿಗೆ ಆಗ ಐವತ್ತು ದಿನ. ಸಂಜೆಯಿಂದ ಒಂದೇ ಸಮನೆ ಅಳುತ್ತಿದ್ದಳು. ಅಜ್ಜಿ ತೀರಿಕೊಂಡು ವರ್ಷವಾಗಿತ್ತು. ಬಾಣಂತನಕ್ಕೆ ಬಂದಿದ್ದ ನೆಂಟರೊಬ್ಬರು ಪ್ರೀತಿಯಿಂದಲೇ ಬಜೆ ತೇಯ್ದರು. ಆದರೆ ಅರ್ಧ ಸುತ್ತಲ್ಲ, ಆರೇಳು ಸುತ್ತು. ಅರ್ಧ ಗಂಟೆಗೆ ವಾಂತಿ ಶುರುವಾಯಿತು. ಕುಡಿದ ಹಾಲೆಲ್ಲ ಹೋಯಿತು, ಆಮೇಲೆ ಬರೀ ನೊರೆ. ಕೈಕಾಲು ಸೋತು, ಕರೆದರೂ ಕಣ್ಣು ಬಿಡುತ್ತಿರಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಕೇಳಿದ ಮೊದಲ ಮಾತು, “ಏನು ನೆಕ್ಕಿಸಿದ್ರಿ?” ರಾತ್ರಿಯಿಡೀ ಡ್ರಿಪ್ ಹಾಕಿದರು. ಬೆಳಗಿನ ಜಾವ ಅವಳು ಬಾಯಿ ಚೀಪುವ ಸದ್ದು ಕೇಳಿದಾಗ ನನಗೆ ಉಸಿರು ಬಂದಂತಾಯಿತು.

ಡಾಕ್ಟರ್ ಬೈಯಲಿಲ್ಲ. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ, ಬಜೆಯಂತೂ ಬೇಡವೇ ಬೇಡ ಅಂದರು. ಅಮ್ಮನಿಗೆ ಅದು ಸರಿಹೋಗಲಿಲ್ಲ. “ನಿಮ್ಮನ್ನೆಲ್ಲ ಬೆಳೆಸಿದ್ದು ಇದೇ ಅಲ್ವಾ?” ಅಂದಳು. ನನಗೂ ಆ ಪ್ರಶ್ನೆ ಇತ್ತು. ಹಾಗಾಗಿ ಈ ಬೇರಿನೊಳಗೆ ಏನಿದೆ ಅಂತ ತಿಳಿದುಕೊಳ್ಳಲೇಬೇಕು ಅಂತ ಹೊರಟೆ.

ತಿಳಿದದ್ದು ಇಷ್ಟು. ಬಜೆಯ ಘಾಟಿಗೆ ಕಾರಣ ಅದರ ಎಣ್ಣೆ. ನಮ್ಮ ದೇಶದ ಬಜೆ ಎಣ್ಣೆಯಲ್ಲಿ ಬೀಟಾ ಅಸರೋನ್ ಅನ್ನುವ ಅಂಶವೇ ಬಹುಪಾಲು. ಜಮ್ಮುವಿನ ಬಜೆ ಎಣ್ಣೆಯನ್ನು ಆಹಾರದಲ್ಲಿ ಬೆರೆಸಿ ಇಲಿಗಳಿಗೆ ತಿನ್ನಿಸಿದಾಗ ಅವುಗಳ ಸಣ್ಣ ಕರುಳಿನಲ್ಲಿ ಗಡ್ಡೆಗಳಾದವು. 1968ರಲ್ಲಿ ಅಮೆರಿಕ ಆಹಾರ ಪದಾರ್ಥಗಳಲ್ಲಿ ಬಜೆ ಬಳಸುವುದನ್ನೇ ನಿಷೇಧಿಸಿತು. ಅಮೆರಿಕದ ಸ್ವಂತ ಬಜೆ ಬೇರೆ ಜಾತಿಯದು, ಅದರಲ್ಲಿ ಈ ಅಂಶವೇ ಇಲ್ಲ. ಅಂದರೆ ಅಲ್ಲಿನ ಬಜೆಯ ಗುಣಗಾನ ಓದಿ ಇಲ್ಲಿನ ಬಜೆ ನುಂಗುವುದು ತಪ್ಪು.

ಇದಕ್ಕಿಂತ ಜಾಸ್ತಿ ನನ್ನನ್ನು ತಟ್ಟಿದ್ದು ನಮ್ಮದೇ ಹಳೆಯ ಮಾತು. ಆಯುರ್ವೇದದ ಭಾವಪ್ರಕಾಶ ನಿಘಂಟುವಿನಲ್ಲಿ ಬಜೆಯ ಗುಣ ಹೇಳುವಾಗ ಇದು ವಾಂತಿ ತರಿಸುತ್ತದೆ, ಹಸಿವು ಹೆಚ್ಚಿಸುತ್ತದೆ ಅಂತ ಒಂದೇ ಉಸಿರಿನಲ್ಲಿ ಹೇಳಿದೆ. ವೈದ್ಯರು ಬಜೆಯನ್ನು ಹಾಗೇ ಬಳಸುವುದೂ ಇಲ್ಲ. ಗೋಮೂತ್ರದಲ್ಲಿ ಬೇಯಿಸಿ, ಆಮೇಲೆ ಕಷಾಯಗಳಲ್ಲಿ ಬೇಯಿಸಿ ಶುದ್ಧಿ ಮಾಡುತ್ತಾರೆ. ಅಜ್ಜಿಯೂ ಹಸಿ ಬಜೆಯನ್ನು ಮುಟ್ಟುತ್ತಿರಲಿಲ್ಲ. ಬೇರನ್ನು ಕಡ್ಡಿಗೆ ಚುಚ್ಚಿ, ಹರಳೆಣ್ಣೆಯಲ್ಲಿ ಅದ್ದಿ, ದೀಪದ ಉರಿಗೆ ಹಿಡಿದು ಪೂರ್ತಿ ಇದ್ದಿಲಾಗುವವರೆಗೆ ಸುಡುತ್ತಿದ್ದರು. ಸುಟ್ಟಾಗ ಆ ಎಣ್ಣೆ ಬಹುಪಾಲು ಹಾರಿಹೋಗುತ್ತದೆ. ಸುಡುವುದು, ಅರ್ಧ ಸುತ್ತು, ಎರಡೂ ಕಾವಲಾಗಿದ್ದವು. ನಮ್ಮ ಮನೆಯಲ್ಲಿ ಆ ದಿನ ಎರಡೂ ತಪ್ಪಿದವು. ಅಂಗಡಿಯಿಂದ ತಂದ ಬೇರನ್ನು ನೇರ ಕಲ್ಲಿಗೆ ಹಚ್ಚಿದ್ದರು.

ಹಾಗಂತ ಸುಟ್ಟ ಬಜೆಯನ್ನು ಮಗುವಿಗೆ ಕೊಡಬಹುದು ಅಂತ ನಾನು ಹೇಳುತ್ತಿಲ್ಲ. ಕೊಡಬೇಡಿ. ಹಾರಿಹೋಗದೆ ಎಷ್ಟು ಉಳಿದಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಿದ್ದರೂ ಬಜೆ ಬೆಳೆಯಲು ಯಾಕೆ ಹೋದೆ ಅಂತ ಕೇಳಬಹುದು. ನನ್ನ ತವರು ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕು. ಇಡೀ ಕರ್ನಾಟಕದಲ್ಲಿ ಬಜೆಯನ್ನು ಬೆಳೆಯಾಗಿ ಇಡುವುದಕ್ಕೆ ಹೆಸರಾದ ಕಡೆ ಅದು. ಗದ್ದೆಯಲ್ಲಿ ಭತ್ತದ ಹಾಗೆ ನೀರು ನಿಲ್ಲಿಸಿ ಬೆಳೆಯುತ್ತಾರೆ. ಚಿಕ್ಕವಳಿದ್ದಾಗ ಬಜೆ ಕಿತ್ತ ಗದ್ದೆಯ ಬದುವಿನಲ್ಲಿ ನಡೆದರೆ ಕಾಲಿಗೂ ಆ ವಾಸನೆ ಅಂಟುತ್ತಿತ್ತು. ಅಷ್ಟು ಹತ್ತಿರದ ಗಿಡವನ್ನು ಒಂದು ಕೆಟ್ಟ ರಾತ್ರಿಗಾಗಿ ಬಿಟ್ಟುಬಿಡಲು ಮನಸ್ಸಾಗಲಿಲ್ಲ.

ತೋಟದಲ್ಲಿ ತೊಟ್ಟಿಯ ನೀರು ತುಂಬಿ ಹರಿಯುವ ಒಂದು ಮೂಲೆ ಇದೆ. ಆರಡಿ ಹತ್ತಡಿ ಜಾಗ. ಮೊದಲ ಸಲ ಫೆಬ್ರವರಿಯಲ್ಲಿ ನೆಟ್ಟೆ, ಏಪ್ರಿಲ್‌ನಲ್ಲಿ ಬೋರ್‌ವೆಲ್ ಕೈಕೊಟ್ಟಿತು, ಮುಕ್ಕಾಲು ಪಾಲು ಒಣಗಿತು. ಎರಡನೇ ಸಲ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಟ್ಟೆ. ಮಣ್ಣನ್ನು ಕೆಸರು ಮಾಡಿ, ಮೊಳಕೆ ಇರುವ ಗೆಡ್ಡೆಯ ತುಂಡುಗಳನ್ನು ಅಡಿಗೊಂದರಂತೆ ಎರಡು ಇಂಚು ಆಳಕ್ಕೆ ಒತ್ತಿದೆ. ನಮ್ಮ ಬಜೆ ಬೀಜ ಕಟ್ಟುವುದಿಲ್ಲ, ಗೆಡ್ಡೆಯಿಂದಲೇ ಸಂತಾನ. ನೀರು ಸದಾ ಬೆರಳುದ್ದ ನಿಂತಿರಬೇಕು, ಅದೊಂದೇ ಅದರ ಹಟ. ಗೊಬ್ಬರ ಸುಮ್ನೆ ಎರಡು ಬುಟ್ಟಿ ಹಾಕಿದೆ. ನಮ್ಮ ಹಸುಗಳು ಮೂಸಿ ನೋಡಿ ಮುಂದೆ ಹೋದವು, ಬೇಲಿ ಬೇಕಾಗಲಿಲ್ಲ.

ಕಳೆ ಕೀಳುವಾಗ ಎಲೆ ಗುರುತಿಸುವುದು ಮೊದಮೊದಲು ಕಷ್ಟ, ಜೊಂಡಿನ ಹಾಗೇ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಕತ್ತಿಯಂಥ ಎಲೆಯ ಒಂದು ಅಂಚು ಮಾತ್ರ ಸೀರೆ ನೆರಿಗೆಯ ಹಾಗೆ ಸುಕ್ಕಾಗಿರುತ್ತದೆ. ಅದನ್ನು ಹಿಸುಕಿ ಮೂಸಿದರೆ ಕಿತ್ತಳೆ ಸಿಪ್ಪೆ, ಶುಂಠಿ ಎರಡೂ ಸೇರಿದ ಹಾಗಿನ ಘಮ. ಮಾರ್ಚ್ ಕೊನೆಗೆ ಕೆಳಗಿನ ಎಲೆ ಹಳದಿಯಾದವು. ನೀರು ನಿಲ್ಲಿಸಿ, ಮಣ್ಣು ಸ್ವಲ್ಪ ಗಟ್ಟಿಯಾದ ಮೇಲೆ ಅಗೆದೆ. ಗೆಡ್ಡೆ ಬೆರಳು ಗಾತ್ರ, ಬಳೆ ತೊಟ್ಟಂತೆ ಗೆರೆಗಳು, ಮೈತುಂಬ ನಾರುಬೇರು. ತೊಳೆದು, ಎರಡಿಂಚಿನ ತುಂಡು ಮಾಡಿ ಒಣಗಿಸಿ, ಗೋಣಿಚೀಲದಲ್ಲಿ ಹಾಕಿ ಉಜ್ಜಿದರೆ ನಾರು ಉದುರುತ್ತದೆ. ಹಸಿ ಹನ್ನೊಂದು ಕೆಜಿ ಇದ್ದದ್ದು ಒಣಗಿ ಮೂರೂವರೆಗೆ ಇಳಿಯಿತು.

ಈಗ ಈ ಬಜೆಯ ಮುಖ್ಯ ಕೆಲಸ ಬಿತ್ತನೆ ಬೀಜ ಕಾಯುವುದು. ಅವರೆ, ಹೆಸರು, ಅಲಸಂದೆ ಬೀಜ ಇಟ್ಟವರಿಗೆ ಗೊತ್ತು, ಎರಡು ತಿಂಗಳಲ್ಲಿ ಕಾಳಿಗೊಂದು ತೂತು, ಅಡಿಯಲ್ಲಿ ಹಿಟ್ಟು. ಒಣಗಿದ ಬಜೆಯನ್ನು ಕುಟ್ಟಿ, ಜರಡಿ ಹಿಡಿದು, ಒಂದು ಕೆಜಿ ಬೀಜಕ್ಕೆ ಹತ್ತು ಗ್ರಾಂ ಪುಡಿ ಬೆರೆಸಿ ಡಬ್ಬದ ಮುಚ್ಚಳ ಬಿಗಿ ಮಾಡುತ್ತೇನೆ. ಕುಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಘಾಟು ತಲೆಗೇರುತ್ತದೆ. ಬೀಟಾ ಅಸರೋನ್‌ನ ಕೆಲಸ ಇಲ್ಲಿ ಕಾಣುತ್ತದೆ. ಹುಳದ ಸಂತಾನಶಕ್ತಿಯನ್ನೇ ಅದು ಕೆಡಿಸುತ್ತದೆ, ಹಾಗಾಗಿ ಮುಂದಿನ ಪೀಳಿಗೆ ಏಳುವುದಿಲ್ಲ. ಮೊದಲ ವರ್ಷ ಎರಡು ಡಬ್ಬ ಅಲಸಂದೆ ಇಟ್ಟಿದ್ದೆ, ಒಂದಕ್ಕೆ ಬಜೆ, ಒಂದಕ್ಕೆ ಏನೂ ಇಲ್ಲ. ಆರು ತಿಂಗಳ ನಂತರ ತೆಗೆದರೆ ಬರಿ ಡಬ್ಬದಲ್ಲಿ ಹುಳ ಗಿಜಿಗುಟ್ಟುತ್ತಿತ್ತು. ಬಜೆಯ ಡಬ್ಬದಲ್ಲಿ ಸತ್ತ ಏಳೆಂಟು ಹುಳ, ಅಷ್ಟೇ. ಬಿತ್ತಿದಾಗ ಮೊಳಕೆ ಚೆನ್ನಾಗಿಯೇ ಬಂತು.

ತಿನ್ನುವ ಕಾಳಿಗೆ, ಅಕ್ಕಿಗೆ ಈ ಪುಡಿ ಬೆರೆಸುವುದಿಲ್ಲ. ಬಾಯಿಗೆ ಬೇಡ ಅಂದ ಮೇಲೆ ಅನ್ನದ ಜೊತೆಗೂ ಬೇಡ. ಸೀರೆ ಪೆಟ್ಟಿಗೆಗೆ, ಅಜ್ಜನ ಹಳೆಯ ಪುಸ್ತಕಗಳ ಕಪಾಟಿಗೆ ನಾಲ್ಕು ತುಂಡು ಬಟ್ಟೆಯಲ್ಲಿ ಕಟ್ಟಿ ಇಡುತ್ತೇನೆ. ತಾಳೆಗರಿಗಳ ಕಟ್ಟಿನ ಜೊತೆ ಬಜೆ ಇಡುತ್ತಿದ್ದ ನಮ್ಮ ಹಿರಿಯರಿಗೆ ಈ ಗುಣ ಚೆನ್ನಾಗಿ ಗೊತ್ತಿತ್ತು.

ಹೋದ ವರ್ಷ ತಂಗಿಗೆ ಗಂಡುಮಗು ಆಯಿತು. ಅಮ್ಮ ಅಟ್ಟ ಹತ್ತಿ ಕಲ್ಲು ಇಳಿಸಿದಳು. ನಾನು ಏನೂ ಹೇಳಲಿಲ್ಲ, ಸುಮ್ಮನೆ ನೋಡುತ್ತಿದ್ದೆ. ಕಲ್ಲು ತೊಳೆದು ಅರಿಶಿನ ಕುಂಕುಮ ಇಟ್ಟು ದೇವರ ಮುಂದೆ ಇರಿಸಿದಳು, ಏನನ್ನೂ ತೇಯಲಿಲ್ಲ. ಹಿಂದೆ ಬಜೆ ತುಂಡು ಪೋಣಿಸಿ ಮಗುವಿನ ಕೈಗೆ ಬಳೆ ಹಾಕುತ್ತಿದ್ದಳು. ಈ ಸಲ ನಮ್ಮ ತೋಟದ್ದೇ ಮೂರು ತುಂಡನ್ನು ಕರಿದಾರದಲ್ಲಿ ಪೋಣಿಸಿ, ಮಗುವಿನ ಕೈ ಎಟುಕದಷ್ಟು ಮೇಲೆ ತೊಟ್ಟಿಲ ಹಗ್ಗಕ್ಕೆ ಕಟ್ಟಿದಳು. ಕಟ್ಟಿದ ಮೇಲೆ ಎರಡು ಸಲ ಎಳೆದು, ಗಂಟು ಗಟ್ಟಿಯಾಗಿದೆಯಾ ಅಂತ ನೋಡಿದಳು.