ಮಿಷನು ಹಾಳಾಗಿದೆ ಅಂದಾಗ

ಮಳೆಗಾಲ ಹಿಡಿದು ಎರಡು ವಾರ ಆಗುವುದೇ ತಡ, ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ನನಗೆ ಫೋನು ಶುರುವಾಗುತ್ತದೆ. "ಮಿಷನು ಹಾಳಾಗಿದೆ, ಒಮ್ಮೆ ನೋಡಬೇಕಿತ್ತು." ಶ್ರವಣ ಸಾಧನ ಎಂಬ ಮಾತು ನಮ್ಮಲ್ಲಿ ಕಾಗದದ ಮೇಲೆ ಮಾತ್ರ, ಮನೆಗಳಲ್ಲಿ ಅದು ಕಿವಿಯ ಮಿಷನು. ಕಿವಿ ಪರೀಕ್ಷಿಸಿ ಅದನ್ನು ಹೊಂದಿಸಿ ಕೊಡುವುದು ನನ್ನ ಕೆಲಸ. ಹಾಗೆ ಹಾಳಾಗಿದೆ ಎಂದು ನನ್ನ ಕೈಗೆ ಬಂದವುಗಳಲ್ಲಿ ಒಳಗಿನ ಸರ್ಕ್ಯೂಟು ನಿಜವಾಗಿ ಹೋದದ್ದು ಬಹಳ ಕಡಿಮೆ. ತೊಂದರೆ ಸೆಲ್ಲಿನಲ್ಲಿರುತ್ತದೆ, ಮಿಷನಿನಿಂದ ಕಿವಿಗೆ ಶಬ್ದ ಒಯ್ಯುವ ಟ್ಯೂಬಿನಲ್ಲಿರುತ್ತದೆ, ಕಿವಿಯ ಗುಗ್ಗೆಯಲ್ಲಿರುತ್ತದೆ, ಕೆಲವೊಮ್ಮೆ ಪರೀಕ್ಷೆ ಮಾಡಿದ ಭಾಷೆಯಲ್ಲಿರುತ್ತದೆ. ಹಾಗಾಗಿ ಮಿಷನಿನ ಶಬ್ದ ಹೊಂದಿಸಲು ಲ್ಯಾಪ್‌ಟಾಪ್ ತೆರೆಯುವುದು ನನ್ನ ಕೊನೆಯ ಕೆಲಸ.

ಈ ಸಲದ ಜುಲೈಯಲ್ಲಿ ನೀರ್ಚಾಲಿನಿಂದ ಒಳಗಿನ ಒಂದು ತೋಟದ ಮನೆಗೆ ಹೋಗಿದ್ದೆ. ಅಜ್ಜನಿಗೆ 80ರ ಹತ್ತಿರ. ಎಡಗಿವಿಯ ಹಿಂದೆ ಕೂರುವ ಮಿಷನು, ಯಾವುದೋ ಶಿಬಿರದಲ್ಲಿ ಸಿಕ್ಕಿದ್ದು. ಕೊಟ್ಟ ದಿನ ಬಿಟ್ಟರೆ ಮತ್ತೆ ಯಾರೂ ವಿಚಾರಿಸಿರಲಿಲ್ಲ. ಹೀಗೆ ಕೊಟ್ಟು ಮರೆಯುವುದು ನನಗೆ ತುಂಬ ಸಂಕಟದ ವಿಷಯ. ಅಜ್ಜ ಜಗಲಿಯಲ್ಲಿ ಕೂತು ಹವ್ಯಕದಲ್ಲಿ ಹೇಳಿದರು: "ಶಬ್ದ ಕೇಳ್ತು, ಎಂತ ಹೇಳಿದ್ದು ಹೇಳಿ ಗೊಂತಾವ್ತಿಲ್ಲೆ. ಈಗ ಒಂದು ವಾರಂದ ಶಬ್ದವೂ ಇಲ್ಲೆ."

ಇವು ಎರಡು ಬೇರೆ ಬೇರೆ ದೂರು: ಶಬ್ದ ಕೇಳಿದರೂ ಮಾತು ತಿಳಿಯದಿರುವುದು ಒಂದು, ಶಬ್ದವೇ ಇಲ್ಲದಿರುವುದು ಇನ್ನೊಂದು. ಎರಡನೆಯದನ್ನು ಮೊದಲು ಹಿಡಿದೆ.

ಸೊಸೆ ರಸ್ಕಿನ ಡಬ್ಬಿಯಿಂದ ಮಿಷನನ್ನೂ ಸೆಲ್ಲಿನ ಪ್ಯಾಕೆಟನ್ನೂ ತಂದಿಟ್ಟರು. 13ನೇ ನಂಬರಿನ ಸೆಲ್ಲು. ಪ್ಯಾಕೆಟಿನಲ್ಲಿ ಉಳಿದ ಐದಕ್ಕೂ ಕೇಸರಿ ಸ್ಟಿಕರು ಇರಲಿಲ್ಲ. "ಮಾವನಿಗೆ ಕೈ ನಡುಗುತ್ತದಲ್ಲ, ಅದಕ್ಕೆ ನಾನೇ ಎಲ್ಲ ಕಿತ್ತಿಟ್ಟಿದ್ದೆ" ಅಂದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಇದು ಗಾಳಿಯಿಂದ ಕೆಲಸ ಮಾಡುವ ಸತುವಿನ ಸೆಲ್ಲು. ಸ್ಟಿಕರಿನ ಅಡಿಯಲ್ಲಿ ಸಣ್ಣ ತೂತುಗಳಿವೆ. ಅದನ್ನು ಕಿತ್ತ ಕ್ಷಣದಿಂದ ಗಾಳಿ ಒಳಗೆ ಹೋಗಿ ಸೆಲ್ಲು ಸವೆಯಲು ಶುರು, ಮಿಷನಿಗೆ ಹಾಕಿದರೂ ಸರಿ, ಡಬ್ಬಿಯಲ್ಲಿಟ್ಟರೂ ಸರಿ. ತಿರುಗಿ ಅಂಟಿಸಿದರೆ ಪೂರ್ತಿ ನಿಲ್ಲುವುದೂ ಇಲ್ಲ. ಮೀಟರು ಹಿಡಿದೆ. ಒಳ್ಳೆಯ ಸೆಲ್ಲು 1.4 ವೋಲ್ಟ್ ತೋರಿಸಬೇಕು, ಒಂದೂ ಅದರ ಹತ್ತಿರ ಬರಲಿಲ್ಲ. ನನ್ನ ಬ್ಯಾಗಿನಿಂದ ಹೊಸದು ತೆಗೆದು, ಸ್ಟಿಕರು ಕಿತ್ತು, ಒಂದು ನಿಮಿಷ ಅಂಗೈಯಲ್ಲಿ ಹಾಗೆಯೇ ಇಟ್ಟುಕೊಂಡೆ. ಗಾಳಿ ತಾಗಿ ಶಕ್ತಿ ಏರಲು ಅಷ್ಟು ಹೊತ್ತು ಬೇಕು. ಕೂಡಲೇ ಹಾಕಿ ಮುಚ್ಚಿಬಿಟ್ಟರೆ ಹೊಸ ಸೆಲ್ಲೂ ಸತ್ತಂತೆ ಕಾಣುತ್ತದೆ.

ಆದರೂ ಶಬ್ದ ಬಹಳ ಕ್ಷೀಣ. ಮಿಷನನ್ನು ಬೆಳಕಿಗೆ ಹಿಡಿದಾಗ ಟ್ಯೂಬಿನ ಬಾಗಿನಲ್ಲಿ ಒಂದು ಹನಿ ನೀರು ಕಂಡಿತು, ಎಳ್ಳು ಕಾಳಿನಷ್ಟು. ಕಿವಿಯ ಬಿಸಿ ಉಸಿರು ತಂಪು ಟ್ಯೂಬಿನಲ್ಲಿ ಹನಿಗಟ್ಟುತ್ತದೆ. ಅಷ್ಟು ನೀರು ಸಾಕು, ಮಾತು ಒಳಗೆ ಹೋಗದಂತೆ ತಡೆಯಲು. ಕಿವಿಯೊಳಗೆ ಕೂರುವ ಅಚ್ಚನ್ನು ಟ್ಯೂಬಿನ ಸಮೇತ ಮಿಷನಿನಿಂದ ಬಿಡಿಸಿ ರಬ್ಬರ್ ಬುರುಡೆಯಿಂದ ಊದಿದೆ. ಬಿಡಿಸದೆ ಊದಬಾರದು, ನೀರು ಮಿಷನಿನ ಒಳಕ್ಕೇ ಹೋಗುತ್ತದೆ. ಟ್ಯೂಬು ಹಳದಿಯಾಗಿ ಗಟ್ಟಿಯಾಗಿತ್ತು, ಅದನ್ನೂ ಬದಲಿಸಿದೆ.

ಆಮೇಲೆ ಮಿಷನಿನ ಶಬ್ದವನ್ನು ನಾನೇ ಕೇಳಿ ನೋಡಿದೆ. ಡಾಕ್ಟರರ ಸ್ಟೆತಸ್ಕೋಪಿನ ಹಾಗಿರುವ ನಳಿಗೆಯನ್ನು ಅದಕ್ಕೆ ಸೇರಿಸಿ, ಮೈಕಿನ ಮುಂದೆ ಆರು ಸದ್ದು ಹೇಳುತ್ತೇನೆ: ಮ್, ಊ, ಆ, ಈ, ಶ್, ಸ್. ಡೇನಿಯಲ್ ಲಿಂಗ್ ಎಂಬವರು ಬಳಕೆಗೆ ತಂದ ಸದ್ದುಗಳಿವು. ಮಾತಿನ ತಗ್ಗು ಸ್ವರದಿಂದ ಮೇಲಿನ ಸ್ವರದವರೆಗೆ ಎಲ್ಲ ಇದರೊಳಗೆ ಬರುತ್ತದೆ. ಮಿಷನು ಕೊಡುವ ಪ್ರತಿ ಮನೆಯಲ್ಲೂ ಇದನ್ನು ಒಬ್ಬರಿಗೆ ಕಲಿಸಿಯೇ ಬರುತ್ತೇನೆ. ಬೆಳಿಗ್ಗೆ ಬೆನ್ನ ಹಿಂದೆ ನಿಂತು ಆರು ಸದ್ದು ಹೇಳಿದರೆ ಅರ್ಧ ನಿಮಿಷವೂ ಬೇಡ. ನಿನ್ನೆ ಕೇಳಿದ 'ಶ್' ಇವತ್ತು ಕೇಳದಿದ್ದರೆ ಏನೋ ಆಗಿದೆ ಎಂದು ಅಲ್ಲಿಯೇ ಗೊತ್ತಾಗುತ್ತದೆ. ಸಣ್ಣ ಮಕ್ಕಳಿಗಂತೂ ಇದು ಬೇಕೇ ಬೇಕು, ಕೇಳುತ್ತಿಲ್ಲ ಎಂದು ಅವರು ತಾವಾಗಿ ಹೇಳುವುದಿಲ್ಲ.

ಕುಂಯ್ ಎಂದು ಕೂಗುವ ದೂರಿಗೆ ನನ್ನದೊಂದು ಸುಲಭದ ಪರೀಕ್ಷೆ ಇದೆ. ಅಚ್ಚಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯುವುದು. ಕೂಗು ನಿಂತರೆ ಮಿಷನಿಗೆ ದೋಷವಿಲ್ಲ, ಅಚ್ಚಿಗೂ ಕಿವಿಗೂ ನಡುವೆ ಸಂದು ಇದೆ. ನಿಲ್ಲದಿದ್ದರೆ ಟ್ಯೂಬಿನಲ್ಲೋ, ಅದನ್ನು ಮಿಷನಿಗೆ ಸೇರಿಸುವ ಕೊಕ್ಕೆಯಲ್ಲೋ ಬಿರುಕು ಇರಬಹುದು. ಅಚ್ಚಿನ ಮೇಲಿನ ತುದಿಯನ್ನು ಕಿವಿಯ ಮಡಿಕೆಯೊಳಗೆ ಸಿಕ್ಕಿಸದೆ ಹೊರಗೇ ಬಿಟ್ಟವರು ಎಷ್ಟೋ ಮಂದಿ. ಕನ್ನಡಿ ಹಿಡಿದು ಹತ್ತು ಸಲ ಹಾಕಿಸಿ ತೆಗೆಸಿದರೆ ಕೂಗು ಹೋಗುತ್ತದೆ. ಗುಗ್ಗೆ ತುಂಬಿದ್ದರೂ ಶಬ್ದ ಅಲ್ಲಿಗೇ ಬಡಿದು ಹಿಂದಕ್ಕೆ ಬಂದು ಕೂಗುತ್ತದೆ. ನೀರ್ಚಾಲಿನ ಅಜ್ಜನ ಕಿವಿಯಲ್ಲಿ ಗುಗ್ಗೆಯೂ ಇತ್ತು, ಬಿಸಿ ಮಾಡಿದ ತೆಂಗಿನೆಣ್ಣೆಯೂ ಇತ್ತು. ಮಳೆಗಾಲದಲ್ಲಿ ಎಣ್ಣೆ ಹಾಕಿದ ಕಿವಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಅದನ್ನು ನಾನು ಮುಟ್ಟುವುದಿಲ್ಲ, ಕಿವಿ ಡಾಕ್ಟರರಿಗೆ ಚೀಟಿ ಬರೆದುಕೊಟ್ಟೆ.

ಮೊದಲ ವರ್ಷಗಳಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಗಿದೆ. ಕುಂಬಳೆಯ ಒಬ್ಬ ಅಮ್ಮನಿಗೆ ಯಾರ ಕಿವಿಗೆ ಎಷ್ಟು ಶಬ್ದ ಬೇಕೆಂದು ಲೆಕ್ಕ ಹಾಕುವ ಸೂತ್ರ ಹೇಳಿದಷ್ಟೂ ಶಬ್ದವನ್ನು ಮೊದಲ ದಿನವೇ ಕೊಟ್ಟೆ. ಹತ್ತು ವರ್ಷ ಸದ್ದಿಲ್ಲದೆ ಇದ್ದ ಕಿವಿಗೆ ಅಡುಗೆ ಮನೆಯ ಪಾತ್ರೆಯೇ ಸಿಡಿಲಾಯಿತು. ಅವರು ಮಿಷನನ್ನು ಕಪಾಟಿನಲ್ಲಿಟ್ಟವರು ಮತ್ತೆ ತೆಗೆಯಲಿಲ್ಲ. ಮಕ್ಕಳು ಕೂಡಿಟ್ಟ ದುಡ್ಡಿನಲ್ಲಿ ಕೊಂಡದ್ದು ಅದು. ಈಗ ಹೊಸಬರಿಗೆ ಸ್ವಲ್ಪ ಕಡಿಮೆಯಿಂದ ಶುರುಮಾಡಿ, ತಿಂಗಳೊಳಗೆ ಎರಡು ಮೂರು ಸಲ ಕರೆದು ಏರಿಸುತ್ತೇನೆ. ಎದ್ದು ಹೋಗುವ ಮೊದಲು ಸ್ಟೀಲಿನ ತಟ್ಟೆಗೆ ಚಮಚದಿಂದ ಬಡಿದು ಮುಖ ನೋಡುತ್ತೇನೆ. ಕಣ್ಣು ಮುಚ್ಚಿಕೊಂಡರೆ ಗರಿಷ್ಠ ಶಬ್ದದ ಮಿತಿಯನ್ನು ಇಳಿಸಬೇಕು.

"ನನ್ನ ಸ್ವರವೇ ಕೊಡದೊಳಗಿಂದ ಬಂದ ಹಾಗೆ" ಎನ್ನುವವರಿಗೆ ಮಿಷನನ್ನು ಕಿವಿಯಲ್ಲೇ ಇಟ್ಟು ಆಫ್ ಮಾಡಿ ಮಾತಾಡಿಸುತ್ತೇನೆ. ಆಗಲೂ ಹಾಗೇ ಇದ್ದರೆ ಅಚ್ಚಿಗೆ ಗಾಳಿತೂತು ಸಾಲದು. ಸರಿಯಾದರೆ ತಗ್ಗು ಸ್ವರ ಹೆಚ್ಚಾಗಿದೆ, ಅದನ್ನು ಇಳಿಸಿದರಾಯಿತು.

ಇನ್ನು ಭಾಷೆ. 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಲಿತು ಬಂದವರು ಕೇಳಿದ ಪದವನ್ನು ತಿರುಗಿ ಹೇಳಿಸಿ ಅಂಕ ಹಾಕುವ ಕನ್ನಡದ ಪದಪಟ್ಟಿ ಹಿಡಿದು ಬರುತ್ತಾರೆ. ನಮ್ಮಲ್ಲಿ ಶಾಲೆಗೆ ಕನ್ನಡ, ಮನೆಗೆ ತುಳುವೋ ಹವ್ಯಕವೋ ಕೊಂಕಣಿಯೋ, ಪೇಟೆಗೆ ಮಲಯಾಳ. ಮಂಜೇಶ್ವರದ ಒಬ್ಬ ಅಮ್ಮನಿಗೆ ನನ್ನ ಸಹಾಯಕಿ ಪದ ಪರೀಕ್ಷೆ ಮಾಡಿ ಅಂಕ ತುಂಬ ಕಡಿಮೆ ಎಂದು ಬರೆದಿದ್ದಳು. ಕೂತು ಕೇಳಿದೆ. ನಾವು "ಕಿವಿ" ಅಂದರೆ ಅವರು "ಕೆಬಿ" ಅನ್ನುತ್ತಿದ್ದರು. ಸರಿಯಾಗಿಯೇ ಕೇಳಿ, ಮನೆಮಾತಾದ ತುಳುವಿನಲ್ಲಿ ತಿರುಗಿ ಹೇಳುತ್ತಿದ್ದರು! ಅಂಕದ ಹಾಳೆಯಲ್ಲಿ ಅದು ತಪ್ಪು ಎಂದು ಬಿದ್ದಿತ್ತು. ಈಗ ಪಟ್ಟಿಯ ಜೊತೆಗೆ ಮನೆಮಾತಿನಲ್ಲಿ ಹತ್ತು ಸಣ್ಣ ಪ್ರಶ್ನೆಯನ್ನು, ನನ್ನ ತುಟಿ ಕಾಣದಂತೆ ಬಾಯಿಗೆ ಅಡ್ಡ ಹಿಡಿದು ಕೇಳುತ್ತೇನೆ. ಅದನ್ನು ಅಂಕವಾಗಿ ಬರೆಯುವುದಿಲ್ಲ, ನನ್ನ ಅಂದಾಜಿಗೆ ಇಟ್ಟುಕೊಳ್ಳುತ್ತೇನೆ. ಮೊಮ್ಮಕ್ಕಳು ಮಲಯಾಳದಲ್ಲಿ ಆಡಿದ್ದು ಅಜ್ಜಿಗೆ ತಿಳಿಯದಿದ್ದರೆ ಮಿಷನಿಗೆ ಎಷ್ಟು ಶಬ್ದ ಏರಿಸಿದರೂ ಪ್ರಯೋಜನವಿಲ್ಲ. ಇದನ್ನು ಮನೆಯವರಿಗೆ ನೇರವಾಗಿ ಹೇಳುತ್ತೇನೆ.

ಅಜ್ಜನ ಮೊದಲನೆಯ ದೂರಿಗೆ ಕಾರಣ ಬೇರೆ. ವಯಸ್ಸಿನಲ್ಲಿ ಮೊದಲು ಹೋಗುವುದು ಮೇಲಿನ ಸ್ವರ. ಆ, ಓ ಕೇಳುತ್ತದೆ. ಸ, ಶ, ತ, ಕ ಜಾರಿಹೋಗುತ್ತವೆ. ಅವರು ಕೂರುತ್ತಿದ್ದದ್ದು ಅಂಗಳಕ್ಕೆ ಮುಖ ಮಾಡಿ, ಕರೆಯುವವರು ಬೆನ್ನ ಹಿಂದಿನ ಅಡುಗೆ ಮನೆಯಿಂದ, ಮೇಲೆ ತಗಡಿನ ಮಾಡಿಗೆ ಮಳೆ. ಆರಾಮ ಕುರ್ಚಿಯನ್ನು ಒಳಗಿನ ಬಾಗಿಲಿಗೆ ತಿರುಗಿಸಿಟ್ಟೆವು. ಕಿರುಚಬೇಡಿ, ಎದುರು ಬಂದು ನಿಧಾನ ಮಾತಾಡಿ ಎಂದು ಸೊಸೆಗೆ ಹೇಳಿದೆ.

ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ರಸ್ಕಿನ ಡಬ್ಬಿ ಸಾಲದು. ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಕೊಟ್ಟೆ. ನೀಲಿ ಮಣಿ ಗುಲಾಬಿಯಾದರೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ನೀಲಿಯಾಗಿಸಬಹುದು. ರಾತ್ರಿ ಸೆಲ್ಲು ತೆಗೆದು ಹೊರಗಿಟ್ಟು ಮಿಷನನ್ನು ಮಾತ್ರ ಅದರಲ್ಲಿಡಬೇಕು. ಅಕ್ಕಿಯಲ್ಲಿ ಹುಗಿಯುವುದು ಬೇಡ, ಅದರ ಹುಡಿ ಮೈಕಿನ ತೂತಿಗೆ ಸೇರುತ್ತದೆ.

ಡಾಕ್ಟರರು ಗುಗ್ಗೆ ತೆಗೆದಿದ್ದಾರೆ ಎಂದು ಮೊನ್ನೆ ಫೋನು ಬಂತು. ದೀಪಾವಳಿಯೊಳಗೆ ಹೋಗಿ ಅಚ್ಚಿನ ಅಳತೆ ಹೊಸದಾಗಿ ತೆಗೆಯಬೇಕು. ಬಲಗಿವಿಯ ಪರೀಕ್ಷೆಯೂ ಬಾಕಿ ಇದೆ.